ರಾತ್ರಿ ಪಾಳಿಗೆ ಸಣ್ಣ ಪಿಸ್ತೂಲು ಕೇಳಿದ ತಮ್ಮನಿಗೆ

ತಮ್ಮಾ, ನೀನು ಬರೆದದ್ದು ಓದಿದೆ. ಅಕ್ಕ ಸ್ಪಾನ್ಸರ್ ಮಾಡಿ, ವರ್ಷಗಟ್ಟಲೆ ಸರದಿಯಲ್ಲಿ ಕಾದು, ಈಗ ಗ್ರೀನ್ ಕಾರ್ಡ್ ಮೇಲೆ ಹೆಂಡತಿ ಮಗಳ ಜೊತೆ ಹ್ಯೂಸ್ಟನ್‌ಗೆ ಬಂದಿದ್ದೀಯ. ಗ್ಯಾಸ್ ಸ್ಟೇಷನ್‌ನಲ್ಲಿ (ಪೆಟ್ರೋಲ್ ಬಂಕ್) ರಾತ್ರಿ ಪಾಳಿ ಸಿಕ್ಕಿದೆ. 400 ಡಾಲರ್ ಒಳಗೆ, ಅಂಗಿಯ ಕೆಳಗೆ ಕಾಣದ ಹಾಗೆ ಇಟ್ಟುಕೊಳ್ಳುವ ಪಿಸ್ತೂಲು ಯಾವುದು ಅಂತ ಕೇಳಿದ್ದೀಯ. ಜೊತೆಗೆ, ನಾನು ಸೋಮವಾರಪೇಟೆ ಕಡೆಯವನು, ಮನೆಯಲ್ಲಿ ಕೋವಿ ಇತ್ತು, ನನಗೆ ಗನ್ ಹೊಸದಲ್ಲ ಅಂತಲೂ ಹೇಳಿದ್ದೀಯ. ಮನೆಯಲ್ಲಿ ನಿಮ್ಮ ಜೊತೆ ಎಚ್‌-1ಬಿ ಮೇಲಿರುವ ನಿನ್ನ ಭಾವಮೈದುನನೂ ಇದ್ದಾನೆ ಅಂದೆ. ಆ ಮಾತು ಸುಮ್ನೆ ಬರೆದಿರಬಹುದು, ಆದರೆ ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಎಚ್‌-1ಬಿ, ಎಲ್‌-1, ಎಫ್‌-1, ಎಚ್‌-4, ಊರಿಂದ ಬರುವ ಅಪ್ಪ ಅಮ್ಮನ ವಿಸಿಟರ್ ವೀಸಾ, ಇವೆಲ್ಲ ನಾನ್‌-ಇಮ್ಮಿಗ್ರಂಟ್ ವೀಸಾಗಳು. ಈ ವೀಸಾಗಳ ಮೇಲೆ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಟೆಕ್ಸಸ್ ಕಾನೂನಲ್ಲ, ಫೆಡರಲ್ ಕಾನೂನು, ಐವತ್ತೂ ರಾಜ್ಯಗಳಿಗೆ ಒಂದೇ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಉಂಟು, ಇನ್ನೂ ಒಂದೆರಡು ಸಣ್ಣ ವಿನಾಯಿತಿಗಳೂ ಉಂಟು. ಅದಿಲ್ಲದೆ ವೀಕೆಂಡ್‌ಗೆ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಹೋಗಿ ಬಾಡಿಗೆ ಗನ್ ಹಿಡಿದು ಫೋಟೋ ಹಾಕುವ ನಮ್ಮ ಹುಡುಗರಿಗೆ ತಾವು ಏನು ಮಾಡುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ, ಏಕೆಂದರೆ ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕವೇ. ನೀನು ಗ್ರೀನ್ ಕಾರ್ಡ್‌ನವನು, ಕಾಯಂ ನಿವಾಸಿ. ನಿನಗೆ ಈ ಅಡ್ಡಿ ಇಲ್ಲ. ಆದರೆ ಭಾವಮೈದುನನಿಗೆ ನಿನ್ನ ಗನ್ ಪೆಟ್ಟಿಗೆಯ ಕೀ ಆಗಲಿ ನಂಬರ್ ಆಗಲಿ ಗೊತ್ತಿರಕೂಡದು. ಕೈಗೆ ಸಿಗುವ ಹಾಗಿದ್ದರೆ ಅವನೂ ಇಟ್ಟುಕೊಂಡಿದ್ದಾನೆ ಅಂತ ಕೇಸ್ ಮಾಡಬಹುದು.

ಇನ್ನೊಂದು. ಅವನು ದುಡ್ಡು ಕೊಟ್ಟು, ನೀನು ನಿನ್ನ ಹೆಸರಲ್ಲಿ ತೆಗೆದುಕೊಡುವುದು ಅಂತ ಯೋಚನೆಯೇ ಬೇಡ. ಅಂಗಡಿಯಲ್ಲಿ ತುಂಬಿಸುವ 4473 ಅನ್ನುವ ಫಾರಂನಲ್ಲಿ, ನಿಜವಾಗಿ ಕೊಳ್ಳುತ್ತಿರುವವನು ನೀನೇನಾ ಅಂತ ನೇರವಾಗಿ ಕೇಳುತ್ತಾರೆ. ಬೇರೆಯವರಿಗಾಗಿ ಹೀಗೆ ಕೊಳ್ಳುವುದಕ್ಕೆ 2022ರ ಕಾಯ್ದೆಯಲ್ಲಿ 15 ವರ್ಷದವರೆಗೆ ಜೈಲು ಇದೆ. ಗ್ರೀನ್ ಕಾರ್ಡ್‌ನವರಿಗೆ ಇನ್ನೂ ಒಂದು ಕಷ್ಟ ಜಾಸ್ತಿ. ಗನ್ ವಿಷಯದಲ್ಲಿ ಶಿಕ್ಷೆಯಾದರೆ ದೇಶದಿಂದಲೇ ಕಳಿಸಿಬಿಡಬಹುದು. ಇಲ್ಲೇ ಹುಟ್ಟಿದವನು ದಂಡ ಕಟ್ಟಿ ಮರೆಯುವ ತಪ್ಪಿಗೆ ನೀನು ಗಂಟುಮೂಟೆ ಕಟ್ಟಬೇಕಾಗಬಹುದು. ಹಾಗಾಗಿ "ಟೆಕ್ಸಸ್‌ನಲ್ಲಿ ಏನು ಬೇಕಾದರೂ ನಡೆಯುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡ. ಅವರ ಪಾಸ್‌ಪೋರ್ಟ್ ಬೇರೆ, ನಿನ್ನದು ಬೇರೆ.

ಈಗ ಕೋವಿ ವಿಷಯ. ನಾನು ಸಕಲೇಶಪುರ ಕಡೆಯವನು, ನಮ್ಮಲ್ಲೂ ತೋಟದ ಮನೆಯಲ್ಲಿ ಒಂಟಿ ನಳಿಗೆ ಕೋವಿ ಇತ್ತು, ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಪೊಲೀಸ್ ಸ್ಟೇಷನ್‌ನಲ್ಲಿ ಇಟ್ಟು ರಸೀದಿ ತರಬೇಕಿತ್ತು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸೇ ಬೇಡ ಅನ್ನುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಗೌರವದ ವಿಷಯ, ಒಪ್ಪುತ್ತೇನೆ. ಆದರೆ ಕೋವಿ ಗೋಡೆಗೆ ಒರಗಿ ನಿಂತಿರುವ ವಸ್ತು. ಅದನ್ನು ಎರಡು ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತಿಕೊಂಡು ಹೊಡೆಯುತ್ತೀಯ. ಪಿಸ್ತೂಲು ಹಾಗಲ್ಲ. ನಳಿಗೆ ಮೂರು ನಾಲ್ಕು ಇಂಚು. ಮಣಿಕಟ್ಟು ಚೂರು ಅಲುಗಿದರೆ ಹತ್ತು ಗಜದಲ್ಲಿ ಗುಂಡು ಎಲ್ಲೋ ಹೋಗುತ್ತದೆ. ಅದೂ ಅಲ್ಲದೆ ಇಡೀ ಪಾಳಿ ಅದು ತುಂಬಿದ ಸ್ಥಿತಿಯಲ್ಲಿ ನಿನ್ನ ಮೈಗೆ ಅಂಟಿಕೊಂಡಿರುತ್ತದೆ. ನಿನ್ನ ಕೋವಿ ಅನುಭವ ಇಲ್ಲಿ ಕಾಲು ಭಾಗ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ಹಾಗಾದರೆ ಯಾವುದು? ಹೊಸಬರೆಲ್ಲ ಮೊದಲು ಕೈ ಹಾಕುವುದು ಅತಿ ಸಣ್ಣದಕ್ಕೆ. ಉದಾಹರಣೆಗೆ ರೂಗರ್ ಎಲ್‌ಸಿಪಿ, 2008ರಲ್ಲಿ ಬಂದದ್ದು, .380 ಗುಂಡು, ಖಾಲಿ ತೂಕ 270 ಗ್ರಾಂ ಆಸುಪಾಸು, ಪ್ಯಾಂಟಿನ ಜೇಬಿನಲ್ಲೇ ಹಿಡಿಯುತ್ತದೆ, ರೇಟೂ ಕಮ್ಮಿ. ಅಂಗಡಿಯ ಗಾಜಿನ ಮೇಲೆ ಇಟ್ಟಾಗ ಮುದ್ದಾಗಿ ಕಾಣುತ್ತದೆ. ರೇಂಜ್‌ಗೆ ಒಯ್ದು ಹತ್ತು ಗುಂಡು ಹೊಡೆದು ನೋಡು, ಆಮೇಲೆ ಮಾತಾಡೋಣ. ತೂಕ ಇಲ್ಲದ ಗನ್‌ಗೆ ಒದೆತ ಜಾಸ್ತಿ. ಹಿಡಿ ಚಿಕ್ಕದು, ಕಿರುಬೆರಳಿಗೆ ಜಾಗವೇ ಇಲ್ಲ. ಗುರಿ ನೋಡುವ ಮುಂದಿನ ತುದಿಗೂ ಹಿಂದಿನ ತುದಿಗೂ ಅಂತರ ಕಡಿಮೆ, ಹಾಗಾಗಿ ಸಣ್ಣ ಓರೆಯೂ ದೊಡ್ಡದಾಗುತ್ತದೆ. ಮೇಲೆ ಹಿಂದೆ ಮುಂದೆ ಜಾರುವ ಭಾಗ, ಅಂದರೆ ಸ್ಲೈಡ್, ಎಳೆಯಲು ಹಿಡಿಯುವ ಜಾಗವೂ ಕಮ್ಮಿ. ಅಂದರೆ ಇದು ಪಳಗಿದವರ ಎರಡನೇ ಗನ್, ಹೊಸಬರ ಮೊದಲನೆಯದಲ್ಲ. ಅಂಗಡಿಯವನು, ಅದರಲ್ಲೂ ಹೆಂಗಸರು ಬಂದರೆ, ಇದನ್ನೇ ಮೊದಲು ತೆಗೆದು ತೋರಿಸುತ್ತಾನೆ. ಆ ವ್ಯಾಪಾರ ನನಗೆ ಹಿಡಿಸುವುದಿಲ್ಲ.

ನಿನಗೆ ಬೇಕಾಗಿರುವುದು ಅದಕ್ಕಿಂತ ಒಂದು ಅಳತೆ ದೊಡ್ಡದು, 9 ಎಂಎಂ. ಊರಿನಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷಿದ್ಧ ಬೋರ್ (ನಳಿಗೆಯ ಅಳತೆ), ಅಲ್ಲಿ ಲೈಸೆನ್ಸ್ ಇದ್ದವರೂ ಹೆಚ್ಚಾಗಿ .32ರಲ್ಲೇ ತೃಪ್ತಿಪಡಬೇಕು. ಇಲ್ಲಿ ಅದೇ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು, ಅಭ್ಯಾಸದ ಗುಂಡೂ ಅದರಲ್ಲೇ ಅಗ್ಗ.

ಕಾಂಪ್ಯಾಕ್ಟ್, ಅಂದರೆ ಮಧ್ಯಮ ಅಳತೆಯದು, ಅಂದ ಕೂಡಲೇ ಎಲ್ಲರೂ ಹೇಳುವುದು ಗ್ಲಾಕ್ 19. 1988ರಿಂದ ಇದೆ, ಮ್ಯಾಗಜೀನ್‌ಗೆ (ಗುಂಡು ತುಂಬುವ ಡಬ್ಬಿ) 15 ಗುಂಡು, ಖಾಲಿ ಇದ್ದಾಗ 670 ಗ್ರಾಂ ಹತ್ತಿರ. ಒಳ್ಳೆಯ ಗನ್. ಆದರೆ ಹೊಸದು ನಿನ್ನ ಬಜೆಟ್ ಮೀರುತ್ತದೆ, ನಿನ್ನ ಹಾಗೆ ತೆಳ್ಳಗಿರುವವರಿಗೆ ಟೀ ಶರ್ಟ್ ಕೆಳಗೆ ಅದನ್ನು ಮುಚ್ಚಿಡುವುದೂ ಕಷ್ಟ. 2018ರಲ್ಲಿ ಸಿಗ್ ಸಾಯರ್ ಪಿ365 ಬಂತು. ಅಷ್ಟು ಸಣ್ಣ ಮೈಯಲ್ಲಿ ಹತ್ತು ಗುಂಡು ಹಿಡಿಸಿದ್ದರು. ಆಮೇಲೆ ಎಲ್ಲ ಕಂಪನಿಗಳೂ ಅದರ ಹಿಂದೆ ಬಿದ್ದವು. ಸ್ಮಿತ್ ಆಂಡ್ ವೆಸನ್‌ನ ಶೀಲ್ಡ್ ಪ್ಲಸ್ 2021ರದ್ದು, ಹತ್ತರದ್ದೊಂದು ಹದಿಮೂರರದ್ದೊಂದು ಮ್ಯಾಗಜೀನ್ ಜೊತೆಗೆ ಬರುತ್ತದೆ. 570 ಗ್ರಾಂ ಸುಮಾರು. ನನ್ನನ್ನು ಕೇಳಿದರೆ ನಿನ್ನ ಕೆಲಸಕ್ಕೆ ಇದೇ. ಸೇಲ್ ಇದ್ದಾಗ 400ರ ಆಚೀಚೆ ಸಿಗುತ್ತದೆ. ಕೈಗೆ ತುಂಬುತ್ತದೆ, ಟ್ರಿಗರ್ ಹದವಾಗಿದೆ.

ಇನ್ನೂ ಅಗ್ಗ ಬೇಕು ಅಂದರೆ ಟಾರಸ್ ಜಿ3ಸಿ. 300ರ ಒಳಗೇ ಸಿಗಬಹುದು. ಹನ್ನೆರಡು ಗುಂಡಿನದು, ಪೆಟ್ಟಿಗೆಯಲ್ಲಿ ಮೂರು ಮ್ಯಾಗಜೀನ್ ಇರುತ್ತವೆ, ಒಂದೊಂದು ಮ್ಯಾಗಜೀನ್ ಬೇರೆಯಾಗಿ ಕೊಳ್ಳಲು ಹೋದರೆ ಎಷ್ಟಾಗುತ್ತದೆ ಅಂತ ನೋಡಿದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಬ್ರೆಜಿಲ್ ಕಂಪನಿ, ಜಿಂದಾಲ್ ಜೊತೆ ಸೇರಿ ಹರಿಯಾಣದ ಹಿಸಾರ್‌ನಲ್ಲೂ ಕಾರ್ಖಾನೆ ಹಾಕಿದ್ದಾರೆ. ಈ ಕಂಪನಿಯ ಹಳೆಯ ಕೆಲವು ಮಾಡೆಲ್‌ಗಳು ಕೆಳಗೆ ಬಿದ್ದರೆ ತಾನಾಗಿ ಗುಂಡು ಹಾರುತ್ತದೆ ಅಂತ ಇಲ್ಲಿ ಕೋರ್ಟಿಗೆ ಹೋಗಿ ರಾಜಿಯಾಗಿತ್ತು. ಜಿ3ಸಿ ಅದಾದ ಮೇಲೆ ಬಂದದ್ದು. ಆದರೂ ಸೆಕೆಂಡ್ ಹ್ಯಾಂಡ್ ಅಂತ ಹಳೆಯ ಟಾರಸ್ ಯಾರಾದರೂ ತೋರಿಸಿದರೆ ಮಾಡೆಲ್ ನಂಬರ್ ನೋಡದೆ ಮುಟ್ಟಬೇಡ. ರೂಗರ್ ಇಸಿ9ಎಸ್ ಇದೆ, ಏಳೇ ಗುಂಡು, ತೆಳುವಾಗಿದೆ, ಗುರಿ ನೋಡುವ ತುದಿಗಳು ಸ್ಲೈಡ್‌ನಲ್ಲೇ ಕೊರೆದವು, ಬದಲಾಯಿಸಲು ಬರುವುದಿಲ್ಲ. ನಡೆಯುತ್ತದೆ. ಹೈ-ಪಾಯಿಂಟ್ ಎಲ್ಲಕ್ಕಿಂತ ಅಗ್ಗ, ಆದರೆ ಭಾರ ಮತ್ತು ದಪ್ಪ. ಸೊಂಟಕ್ಕಲ್ಲ.

ಒಂದು ಗುಟ್ಟಿನ ದಾರಿ ಹೇಳುತ್ತೇನೆ. ಪೊಲೀಸ್ ಇಲಾಖೆಗಳು ಗನ್ ಬದಲಾಯಿಸಿದಾಗ ಹಳೆಯವು ಡೀಲರ್‌ಗಳ ಹತ್ತಿರ ಬರುತ್ತವೆ. ಹೊರಗೆ ಹೋಲ್ಸ್ಟರ್ (ಗನ್ ಇಡುವ ಒರೆ) ಉಜ್ಜಿ ಬಣ್ಣ ಹೋಗಿರುತ್ತದೆ, ಒಳಗೆ ಹೊಸದರ ಹಾಗಿರುತ್ತದೆ, ಏಕೆಂದರೆ ಹೆಚ್ಚಿನ ಪೊಲೀಸರು ಹೊತ್ತು ತಿರುಗುತ್ತಾರೆಯೇ ಹೊರತು ಜಾಸ್ತಿ ಹೊಡೆಯುವುದಿಲ್ಲ. ಬಹಳಷ್ಟು .40 ಬೋರ್‌ನವು, ದೊಡ್ಡವು. ಕಾಂಪ್ಯಾಕ್ಟ್ 9 ಎಂಎಂ ಕಂಡರೆ ಬಿಡಬೇಡ.

ಈಗ ಲೆಕ್ಕ. ನಿನ್ನ 400 ಪೂರ್ತಿ ಗನ್‌ಗೇ ಹಾಕಿದರೆ ನೀನು ಕೊಂಡದ್ದು ಅರ್ಧ. ಒಳ್ಳೆಯ ಹೋಲ್ಸ್ಟರ್‌ಗೆ 50ರಿಂದ 80 ಡಾಲರ್ ಇಡು. ಕೈಡೆಕ್ಸ್ ಅನ್ನುವ ಪ್ಲಾಸ್ಟಿಕ್ ಥರ ಗಟ್ಟಿಯಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಬೇಕು, ಆ ಗನ್‌ಗೇ ಅಂತ ಮಾಡಿದ್ದಾಗಿರಬೇಕು. ವಾಲ್‌ಮಾರ್ಟ್ ಬೆಲ್ಟ್‌ಗೆ ಸಿಗಿಸಿದರೆ ಮಧ್ಯರಾತ್ರಿಗೆ ಪ್ಯಾಂಟು ಜಾರುತ್ತದೆ, ದಪ್ಪ ಬೆಲ್ಟ್ ಬೇಕು. ಸೊಂಟದ ಒಳಗೆ ಇಡುವುದಾದರೆ ಪ್ಯಾಂಟು ಒಂದು ಸೈಜ್ ದೊಡ್ಡದು ತಗೋ. ಹೋಲ್ಸ್ಟರ್ ಇಲ್ಲದೆ ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಸಿನಿಮಾದವರಿಗಿರಲಿ. ಆಮೇಲೆ ಗುಂಡು. ಅಭ್ಯಾಸದ 50ರ ಪೆಟ್ಟಿಗೆ 12ರಿಂದ 15 ಡಾಲರ್ ಆಗುತ್ತದೆ, ಮೊದಲ ತಿಂಗಳು ಏಳೆಂಟು ಪೆಟ್ಟಿಗೆಯಾದರೂ ಹೊಡೆಯಬೇಕು. ನೀನು ಹೊತ್ತುಕೊಳ್ಳುವ ಹಾಲೋ ಪಾಯಿಂಟ್ (ತುದಿ ಟೊಳ್ಳಾದ) ಗುಂಡು ಬೇರೆ, ದುಬಾರಿ, ಅದರಲ್ಲೂ ಒಂದಿಷ್ಟು ಹೊಡೆದು ಗನ್ ಎಲ್ಲೂ ಕಚ್ಚಿಕೊಳ್ಳುವುದಿಲ್ಲ ಅಂತ ಖಾತ್ರಿ ಮಾಡಿಕೋ. ಅದಕ್ಕೇ ಹೇಳುವುದು, 550 ಡಾಲರ್ ಗನ್ ತಂದು ಪೆಟ್ಟಿಗೆಯಲ್ಲಿಡುವವನಿಗಿಂತ 280 ಡಾಲರ್‌ನದ್ದು ತಂದು ತಿಂಗಳಿಗೊಮ್ಮೆ ರೇಂಜ್‌ಗೆ ಹೋಗುವವನು ಮೇಲು.

ಪಿಸ್ತೂಲು ಹೊತ್ತು ಓಡಾಡಲು ಲೈಸೆನ್ಸ್ ಬೇಕಾ ಅಂತಲೂ ಕೇಳಿದ್ದೀಯ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದ, ಕಾನೂನು ಪ್ರಕಾರ ಗನ್ ಇಟ್ಟುಕೊಳ್ಳಬಹುದಾದವರಿಗೆ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಹೊತ್ತು ಓಡಾಡಬಹುದು. ಆದರೂ ನೀನು ಮಾಡಿಸು. ಫೀ 40 ಡಾಲರ್, ನಾಲ್ಕರಿಂದ ಆರು ಗಂಟೆಯ ಕ್ಲಾಸ್, ಒಂದು ಬರಹದ ಪರೀಕ್ಷೆ, 50 ಗುಂಡಿನ ಪರೀಕ್ಷೆ. ಕಾರಣ ಕೇಳು. ಶಾಲೆಯಿಂದ 1000 ಅಡಿ ಒಳಗೆ ತುಂಬಿದ ಗನ್ ಒಯ್ಯುವುದು ಫೆಡರಲ್ ಅಪರಾಧ, ಆ ರಾಜ್ಯದ್ದೇ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ಹ್ಯೂಸ್ಟನ್‌ನಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಶಾಲೆ ದಾಟುತ್ತೀಯ ನೋಡು. ಲೈಸೆನ್ಸ್ ಇದ್ದರೂ ಮಗಳನ್ನು ಬಿಡಲು ಹೋದಾಗ ಶಾಲೆ ಕಟ್ಟಡದ ಒಳಗೆ ಒಯ್ಯುವ ಹಾಗಿಲ್ಲ. ಪೋಸ್ಟ್ ಆಫೀಸ್‌ಗೂ ಇಲ್ಲ. 51% ಅಂತ (ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದಿಂದ ಅಂತ ಅರ್ಥ) ಕೆಂಪು ಅಕ್ಷರದ ಬೋರ್ಡ್ ಇರುವ ಬಾರ್‌ಗೂ ಇಲ್ಲ. ಬಾಗಿಲಲ್ಲಿ 30.06 ಅಂತ ಬೋರ್ಡ್ ಹಾಕಿರುವ ಕಡೆ ಮುಚ್ಚಿಟ್ಟ ಗನ್ ಇಲ್ಲ, 30.07 ಅಂತ ಇರುವ ಕಡೆ ಕಾಣುವ ಹಾಗೆ ಹೊತ್ತ ಗನ್ ಇಲ್ಲ, ದೇವಸ್ಥಾನಕ್ಕೆ ಹೋದಾಗ ಇದನ್ನು ನೋಡು. ರಜೆಯಲ್ಲಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ನೆಂಟರ ಮನೆಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗು, ಅಲ್ಲಿ ಟೆಕ್ಸಸ್ ಲೈಸೆನ್ಸ್‌ಗೆ ಬೆಲೆಯಿಲ್ಲ, ನಿನ್ನ ಹದಿಮೂರರ ಮ್ಯಾಗಜೀನೇ ಅಲ್ಲಿ ತಪ್ಪು. ಏರ್‌ಪೋರ್ಟ್ ಬ್ಯಾಗಂತೂ ಎರಡು ಸಲ ಕೊಡವಿ ನೋಡು. 2023ರಲ್ಲಿ ಏರ್‌ಪೋರ್ಟ್ ಭದ್ರತೆ ನೋಡಿಕೊಳ್ಳುವ ಟಿಎಸ್‌ಎ ತಪಾಸಣೆಯಲ್ಲಿ ಸಿಕ್ಕ ಗನ್‌ಗಳು 6,737. ಹೆಚ್ಚಿನವು ತುಂಬಿದವು. ಬಹುತೇಕ ಎಲ್ಲರೂ ಹೇಳುವುದು ಒಂದೇ, ಬ್ಯಾಗಿನಲ್ಲಿದ್ದದ್ದು ಮರೆತೆ.

ಪೊಲೀಸ್ ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ. ಐಡಿ ಕೇಳಿದಾಗ ಡ್ರೈವಿಂಗ್ ಲೈಸೆನ್ಸ್ ಜೊತೆ ಗನ್ ಲೈಸೆನ್ಸೂ ಕೊಡಬೇಕು. ಗನ್ ಎಲ್ಲಿದೆ ಅಂತ ಬಾಯಲ್ಲಿ ಹೇಳು, ಕೈ ಹಾಕಿ ತೋರಿಸಬೇಡ.

ಮಗಳು ಚಿಕ್ಕವಳು ಅಲ್ವಾ? 17ರ ಒಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ತುಂಬಿದ ಗನ್ ಬಿಟ್ಟರೆ ಟೆಕ್ಸಸ್‌ನಲ್ಲಿ ಅದೇ ಒಂದು ಅಪರಾಧ. ಕಾನೂನು ಬಿಡು, ಬೀರುವಿನ ಮೇಲೆ, ದಿಂಬಿನ ಕೆಳಗೆ, ದೇವರ ಮನೆಯ ಹಿಂದೆ, ಇವೆಲ್ಲ ಮಕ್ಕಳಿಗೆ ಮೊದಲೇ ಗೊತ್ತಿರುವ ಜಾಗಗಳು. ಬಟನ್ ಒತ್ತಿ ತೆರೆಯುವ ಸಣ್ಣ ಉಕ್ಕಿನ ಪೆಟ್ಟಿಗೆ ಗನ್ ಜೊತೆಗೇ ತಾ. ಅದಕ್ಕೆ ದುಡ್ಡು ಸಾಲದು ಅಂದರೆ ಗನ್ ಮುಂದಿನ ತಿಂಗಳು ತಗೋ.

ಕೆಲಸದ ಜಾಗದ ಬಗ್ಗೆ ನೀನು ಏನೂ ಬರೆದಿಲ್ಲ. ಓನರ್‌ನನ್ನು ಕೇಳಿದ್ದೀಯಾ? ಬಹಳ ಕಡೆ ಕೆಲಸದವರು ಗನ್ ತರಕೂಡದು ಅಂತ ನಿಯಮ ಇರುತ್ತದೆ, ಗೊತ್ತಾದರೆ ಅವತ್ತೇ ಮನೆಗೆ. ಒಪ್ಪಿದರೆ ಬರಹದಲ್ಲಿ ತಗೋ. ಒಪ್ಪಿದರೂ, ಗಲ್ಲಾದಲ್ಲಿರುವ ದುಡ್ಡು ಯಾರಾದರೂ ಗನ್ ತೋರಿಸಿ ಕೇಳಿದರೆ ಕೊಟ್ಟುಬಿಡು. ಅದು ನಿನ್ನದಲ್ಲ, ಇನ್ಶೂರೆನ್ಸ್ ಇದೆ. ರಾತ್ರಿ ನೋಟೆಲ್ಲ ಆಗಾಗ ಡ್ರಾಪ್ ಬಾಕ್ಸ್‌ಗೆ ಹಾಕಿ ಗಲ್ಲಾದಲ್ಲಿ ಚಿಲ್ಲರೆ ಮಾತ್ರ ಇಡು, ಕಿಟಕಿಗೆ ಅಂಟಿಸಿದ ಬಿಯರ್ ಪೋಸ್ಟರ್‌ಗಳನ್ನು ತೆಗೆಸು, ಒಳಗಡೆ ರಸ್ತೆಗೆ ಕಾಣಲಿ. ಇವು ನಿನ್ನ ಪಿಸ್ತೂಲಿಗಿಂತ ಜಾಸ್ತಿ ಕಾಯುತ್ತವೆ. ಪಿಸ್ತೂಲು ಇರುವುದು ದುಡ್ಡು ಕೊಟ್ಟ ಮೇಲೂ ಅವನು ನಿನ್ನ ಮೇಲೆ ಬಂದರೆ ಅನ್ನುವ ಒಂದೇ ಗಳಿಗೆಗೆ.

ಕೊಳ್ಳುವ ದಿನ ಗ್ರೀನ್ ಕಾರ್ಡ್ ಮತ್ತು ಈಗಿನ ವಿಳಾಸ ಇರುವ ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ಎರಡೂ ತಗೊಂಡು ಹೋಗು. ಹಳೆ ವಿಳಾಸ ಇದ್ದರೆ ಅದೊಂದೇ ಸಾಲದು. ಫಾರಂನಲ್ಲಿ ಗ್ರೀನ್ ಕಾರ್ಡ್ ಮೇಲಿರುವ ನಿನ್ನ ಏಲಿಯನ್ ನಂಬರ್ ಬರೆಯಬೇಕು. ಎಫ್‌ಬಿಐ ಕಡೆಯ ಪರಿಶೀಲನೆ ಕೆಲವೊಮ್ಮೆ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಡಿಲೇ ಅಂತ ಬರುತ್ತದೆ. ಹೊಸದಾಗಿ ಬಂದವರಿಗೆ ಆಗುವುದೇ, ಗಾಬರಿಯಾಗಬೇಡ.

ಅದಕ್ಕೂ ಮೊದಲು ಬಾಡಿಗೆ ಗನ್ ಕೊಡುವ ರೇಂಜ್‌ಗೆ ಹೋಗಿ ಶೀಲ್ಡ್ ಪ್ಲಸ್, ಜಿ3ಸಿ, ಪಿ365, ಗ್ಲಾಕ್ 19 ನಾಲ್ಕನ್ನೂ ಒಂದೇ ದಿನ ಹೊಡೆದು ನೋಡು, ನಿನ್ನ ಕೈಗೆ ಯಾವುದು ಕೂರುತ್ತದೆ ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಲೇನ್ ಖಾಲಿ ಇರುತ್ತವೆ. ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬರಬೇಡ. ರಜೆ ಇರುವ ವಾರ ಹೇಳು, ನಾನೂ ಬರುತ್ತೇನೆ.