ಥೈರಾಯ್ಡ್ ಆಪರೇಷನ್ ಆದರೆ ದನಿ ಹೋಗುತ್ತಾ?

ಪ್ರಶ್ನೆ: ನಾನು ಟೀಚರ್, ಸ್ವಲ್ಪ ಹಾಡುತ್ತೇನೆ ಕೂಡ. ಥೈರಾಯ್ಡ್ ಪೂರ್ತಿ ತೆಗೆಯಬೇಕು ಅಂದಿದ್ದಾರೆ. ದನಿಯ ನರಕ್ಕೆ ಪೆಟ್ಟಾಗಬಹುದು ಅಂತ ಒಪ್ಪಿಗೆ ಪತ್ರದಲ್ಲಿ ಓದಿದಾಗಿನಿಂದ ನಿದ್ದೆ ಇಲ್ಲ. ನರ ಕಾಯುವ ಮೆಷಿನ್ ಇದೆಯಂತೆ. ಅದಿದ್ದರೆ ಭಯ ಇಲ್ಲ ಅಲ್ವಾ?

ಉತ್ತರ: ಮೆಷಿನ್ ನರದ ಸುದ್ದಿ ಕೊಡುತ್ತದೆ, ಅಷ್ಟೇ. ಕಾಯಬೇಕಾದ್ದು ಸರ್ಜನ್‌ನ ಕಣ್ಣು ಮತ್ತು ಕೈ.

ದನಿಯ ಮುಖ್ಯ ನರ ಎಡಕ್ಕೊಂದು, ಬಲಕ್ಕೊಂದು. ಎದೆಗೂಡಿನ ಕಡೆ ಇಳಿದು, ದೊಡ್ಡ ರಕ್ತನಾಳವೊಂದನ್ನು ಸುತ್ತಿ, ಶ್ವಾಸನಾಳದ ಪಕ್ಕದಲ್ಲೇ ಮತ್ತೆ ಮೇಲೆ ಹತ್ತುತ್ತದೆ. ವಿಚಿತ್ರ ದಾರಿ! ಥೈರಾಯ್ಡ್ ಶ್ವಾಸನಾಳಕ್ಕೆ ಗಟ್ಟಿಯಾಗಿ ಅಂಟಿರುವ ಕಡೆ ಈ ನರ ಗ್ರಂಥಿಯನ್ನು ಹೆಚ್ಚುಕಡಿಮೆ ತಾಗಿಕೊಂಡೇ ಇರುತ್ತದೆ. ಅಪಾಯ ಜಾಸ್ತಿ ಅಲ್ಲೇ. ನರ ತುಂಡಾಗುವುದು ಅಪರೂಪ. ಗ್ರಂಥಿಯನ್ನು ಎತ್ತುವಾಗ ಅದು ಎಳೆದಂತಾಗುವುದು, ರಕ್ತ ನಿಲ್ಲಿಸುವ ಉಪಕರಣದ ಬಿಸಿ ತಾಗುವುದು, ಇವೇ ಹೆಚ್ಚು. ಹಾಗಾಗಿ ಮೊದಲು ನರವನ್ನು ಹುಡುಕಿ, ಕಣ್ಣಾರೆ ನೋಡಿ, ಆಮೇಲೆ ಗ್ರಂಥಿ ಬಿಡಿಸುತ್ತೇವೆ.

ಮೆಷಿನ್ ಬಳಸುವಾಗ, ಉಸಿರಿಗೆ ಹಾಕುವ ಕೊಳವೆಯಲ್ಲೇ ಧ್ವನಿತಂತುಗಳಿಗೆ ತಾಗುವಂತೆ ಎಲೆಕ್ಟ್ರೋಡ್ ಇರುತ್ತದೆ. ಸರ್ಜನ್ ಸಣ್ಣ ಕಡ್ಡಿಯಿಂದ ನರವನ್ನು ಮುಟ್ಟಿದರೆ ಸದ್ದು ಬರುತ್ತದೆ. ಇದರ ದೊಡ್ಡ ಲಾಭ ಒಂದಿದೆ. ಒಂದು ಪಕ್ಕ ಮುಗಿಸುವಷ್ಟರಲ್ಲಿ ಸಿಗ್ನಲ್ ಹೋಗಿ, ವಾಪಸ್ ಬಾರದಿದ್ದರೆ, ಎರಡನೇ ಪಕ್ಕವನ್ನು ಮುಂದಕ್ಕೆ ಹಾಕಬಹುದು. ಯಾಕೆಂದರೆ ಎರಡೂ ನರ ಸೋತರೆ ಉಸಿರಿಗೇ ತೊಂದರೆ.

ನೀವು ಹಾಡುತ್ತೀರಿ ಅಂದಿರಲ್ಲ, ಅದನ್ನು ಸರ್ಜನ್‌ಗೆ ಹೇಳಿ. ಗ್ರಂಥಿಯ ಮೇಲ್ತುದಿಯ ರಕ್ತನಾಳಗಳ ಹತ್ತಿರ ಕೂದಲಿನಂಥ ಇನ್ನೊಂದು ನರವಿದೆ. ಅದಕ್ಕೆ ಪೆಟ್ಟಾದರೆ ಮಾತು ಸರಿಯಾಗೇ ಇರಬಹುದು, ಆದರೆ ತಾರಸ್ಥಾಯಿ ಸಿಗುವುದಿಲ್ಲ. ಅಲ್ಲಿ ರಕ್ತನಾಳಗಳನ್ನು ಒಟ್ಟಿಗೆ ಕಟ್ಟದೆ, ಗ್ರಂಥಿಗೆ ಹತ್ತಿರದಲ್ಲಿ ಒಂದೊಂದಾಗಿ ಕಟ್ಟುವ ತಾಳ್ಮೆ ಬೇಕು.

ಆಪರೇಷನ್‌ಗೆ ಮುಂಚೆ ಗಂಟಲಿಗೆ ಕ್ಯಾಮೆರಾ ಹಾಕಿ ಧ್ವನಿತಂತು ನೋಡಿಸಿಕೊಳ್ಳಿ. ಮೊದಲೇ ದೋಷವಿದ್ದರೆ ಗೊತ್ತಾಗಲಿ. ಆಮೇಲೆ ಕೆಲವು ದಿನ ದನಿ ಒಡೆದಂತಿದ್ದರೆ ಗಾಬರಿ ಬೇಡ, ಉಸಿರಿನ ಕೊಳವೆಯಿಂದಲೂ ಹಾಗಾಗುತ್ತದೆ. ಎರಡು ವಾರ ಕಳೆದರೂ ಸರಿಹೋಗದಿದ್ದರೆ ಮತ್ತೆ ಕ್ಯಾಮೆರಾ ಹಾಕಿಸಿ. ಬರೀ ಎಳೆತಕ್ಕೆ ಸಿಕ್ಕ ನರ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ, ಅಷ್ಟರಲ್ಲಿ ವಾಯ್ಸ್ ಥೆರಪಿ ನೆರವಾಗುತ್ತದೆ. ನೀರು ಕುಡಿದಾಗ ಪದೇ ಪದೇ ಕೆಮ್ಮು ಬಂದರೆ ಡಾಕ್ಟರಿಗೆ ತಿಳಿಸಿ. ಉಸಿರೆಳೆಯುವಾಗ ಸದ್ದು ಬಂದರೆ ಅಥವಾ ಕುತ್ತಿಗೆ ಊದಿಕೊಂಡರೆ ಮಾತ್ರ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.