ಸರ್ವ್ ಮಾಡುವಾಗ ತಲೆಯಲ್ಲಿ ಓಡುತ್ತಿದ್ದ ಲೆಕ್ಕ

ಸಹನಾಗೆ 20 ವರ್ಷ. ಹುಬ್ಬಳ್ಳಿ ಕಡೆಯ ಹುಡುಗಿ, ಟೆನಿಸ್ ಆಟಗಾರ್ತಿ. ಬೆಂಗಳೂರಲ್ಲಿ ಬಿ.ಕಾಂ ಎರಡನೇ ವರ್ಷದ ಪರೀಕ್ಷೆ ಮುಗಿಸಿ, ರಜೆಗೆ ಊರಿಗೆ ಹೋಗದೆ ಪಿಜಿಯಲ್ಲೇ ಉಳಿದಿದ್ದಳು. ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಇದೆ.

ಆಪ್ತಸಲಹೆಗೆ ನನ್ನ ಹತ್ತಿರ ಬಂದಾಗ ಅವಳ ದೂರು ಒಂದೇ. "ಪ್ರಾಕ್ಟೀಸ್‌ನ್ಯಾಗ ಸರ್ವ್ ಛಲೋ ಬೀಳ್ತದ್ರಿ ಮೇಡಂ. ಮ್ಯಾಚ್‌ನ್ಯಾಗ ಕೈನ ಏಳಂಗಿಲ್ಲ." ಆ ಬೇಸಿಗೆಯಲ್ಲಿ ಆಡಿದ ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ಟೂರ್ನಿಗಳಲ್ಲೆಲ್ಲ ಮೊದಲ ಇಲ್ಲವೇ ಎರಡನೇ ಸುತ್ತಲ್ಲೇ ಸೋತಿದ್ದಳು. ಅದೂ ಸೆಟ್ಟಿನ ಕೊನೆಯಲ್ಲಿ, ಡಬಲ್ ಫಾಲ್ಟ್ ಮಾಡಿ, ಅಂದರೆ ಪಾಯಿಂಟ್ ಶುರುಮಾಡುವ ಸರ್ವ್ ಎರಡು ಸಲವೂ ತಪ್ಪಿ ಪಾಯಿಂಟ್ ಕಳೆದುಕೊಂಡು. ಕೋಚ್ "ಮೆಂಟಲಿ ವೀಕ್" ಅಂದಿದ್ದರು. ಗೆಳತಿಯರು ಸ್ಫೂರ್ತಿ ತುಂಬುವ ವಿಡಿಯೋ ಕಳಿಸುತ್ತಿದ್ದರು. ಆ ವಿಡಿಯೋಗಳಿಂದ ಯಾರ ಸರ್ವ್ ಸರಿಹೋಗಿದ್ದೂ ನಾನು ನೋಡಿಲ್ಲ.

"ಟೆನ್ಷನ್ ಆಗುತ್ತೆ" ಅನ್ನೋ ಮಾತಿನಿಂದ ನನಗೆ ಏನೂ ಗೊತ್ತಾಗೋದಿಲ್ಲ. ಹಾಗಾಗಿ ಆಟಗಾರರು ಬಂದಾಗ ನಾನು ಒಂದೇ ಒಂದು ಪಾಯಿಂಟ್ ಬಗ್ಗೆ ಕೇಳುತ್ತೇನೆ. ಕೊನೆಯ ಮ್ಯಾಚಿನ ಕೊನೆಯ ಡಬಲ್ ಫಾಲ್ಟ್ ನೆನಪಿದೆಯಾ, ಚೆಂಡು ಮೇಲೆ ಹಾರಿಸುವ ಮುಂಚೆ ತಲೆಯಲ್ಲಿ ಏನಿತ್ತು? ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅಂದಳು, "ಹದಿನಾರು ಸಾವಿರ."

ಸ್ಕೋರ್ 4-5, 30-40. ಅವಳು ಚೆಂಡನ್ನು ನೆಲಕ್ಕೆ ನಾಲ್ಕು ಸಲ ತಟ್ಟುತ್ತಾಳೆ. ಅಷ್ಟರಲ್ಲಿ ಬಸ್ಸಿನ ಟಿಕೆಟ್, ರೂಮು, ಎಂಟ್ರಿ ಫೀ, ಊಟ, ಹೊಸ ಸ್ಟ್ರಿಂಗ್ ಎಲ್ಲ ಕೂಡಿ 16,000 ರೂಪಾಯಿ ಆಗುತ್ತದೆ. ಈ ಪಾಯಿಂಟ್ ಹೋದರೆ ಮ್ಯಾಚೇ ಹೋಯಿತು, ಅಷ್ಟೂ ದುಡ್ಡು ಒಂದೇ ಮ್ಯಾಚಿಗೆ ಖರ್ಚಾದಂತೆ. ಲೆಕ್ಕ ಮುಗಿಯುವ ಹೊತ್ತಿಗೆ ಚೆಂಡು ಗಾಳಿಯಲ್ಲಿರುತ್ತದೆ, ಕೈ ತಡವಾಗಿರುತ್ತದೆ, ಸರ್ವ್ ನೆಟ್ಟಿಗೆ ಹೋಗಿರುತ್ತದೆ. ಕೂಡೋದು ಕಳೆಯೋದು ಬಿ.ಕಾಂ ಹುಡುಗಿಗೆ ಬೇರೆ ಹೇಳಿಕೊಡಬೇಕಾ!

ಅವಳ ದಿನ ಹೇಗಿರುತ್ತೆ ಅಂತ ಕೇಳಿದೆ. ಬೆಳಗ್ಗೆ 5ಕ್ಕೆ ಏಳೋದು. 6ರಿಂದ 8 ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಬೇಸಿಗೆ ಶಿಬಿರ. ಅಲ್ಲಿ ಪುಟ್ಟ ಮಕ್ಕಳಿಗೆ ಕೆಂಪು ಚೆಂಡು, ಸ್ವಲ್ಪ ದೊಡ್ಡವರಿಗೆ ಕಿತ್ತಳೆ, ಆಮೇಲೆ ಹಸಿರು. ನಿಧಾನವಾಗಿ ಪುಟಿಯುವ ಚೆಂಡುಗಳವು. ಬುಟ್ಟಿಯಿಂದ ಒಂದೊಂದೇ ತೆಗೆದು ಆಡಿಸಬೇಕು, ಬುಟ್ಟಿ ಖಾಲಿಯಾದರೆ ಮತ್ತೆ ತುಂಬಿಕೊಳ್ಳಬೇಕು. 8:30ಕ್ಕೆ ಒಬ್ಬ ಐಟಿ ಮ್ಯಾನೇಜರ್ ಜೊತೆ ಹಿಟ್ಟಿಂಗ್ ಪಾರ್ಟ್ನರ್ ಆಗಿ ಒಂದು ಗಂಟೆ. ಮಧ್ಯಾಹ್ನ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ರಾಕೆಟ್ಟಿಗೆ ಸ್ಟ್ರಿಂಗ್ ಹಾಕುವ ಕೆಲಸ. ಸಂಜೆ ಮತ್ತೆ ಶಿಬಿರ. ಅವಳ ಸ್ವಂತ ಪ್ರಾಕ್ಟೀಸ್ ರಾತ್ರಿ 7ರ ಮೇಲೆ, ಅದೂ ಲೈಟ್ ಇರೋ ಕೋರ್ಟ್ ಸಿಕ್ಕರೆ. ಟೂರ್ನಿ ಇದ್ದಾಗ ರಾತ್ರಿ ಬಸ್ಸು. ಸೋತರೆ ಅದೇ ರಾತ್ರಿ ವಾಪಸ್ ಹೊರಟು ಸೀದಾ ಶಿಬಿರಕ್ಕೆ. ಬಲಭುಜ ನೋಯೋದಕ್ಕೆ ಶುರುವಾಗಿ ವಾರಗಳೇ ಆಗಿದ್ದವು. ಅದನ್ನು ಯಾರಿಗೂ ಹೇಳಿರಲಿಲ್ಲ.

ಇಷ್ಟೆಲ್ಲ ಯಾಕೆ? ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಮಾತಾಡುತ್ತಾ ಬಗ್ಗಿದ್ದಾರೆ. ಕುತ್ತಿಗೆಯಲ್ಲಿ ಚಿನ್ನದ ಸರ ಇಲ್ಲ, ತಾಳಿ ಅರಿಶಿಣ ದಾರದಲ್ಲಿದೆ. ಸರ ಎಲ್ಲಿ ಅಂತ ಇವಳು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮಾರನೇ ವಾರದಿಂದ ಇವಳು ಮೊದಲ ಕೆಲಸ ಹಿಡಿದಳು. ಮನೆಗೆ ಫೋನ್ ಮಾಡಿದಾಗ "ಪ್ರಾಕ್ಟೀಸ್‌ನಾಗ ಇದ್ದೆ" ಅಂತ ಹೇಳುತ್ತಿದ್ದಳು.

ಈ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ ಅನ್ನೋದನ್ನೂ ಹೇಳಬೇಕು. ಟೆನಿಸ್‌ನ ಕೆಳಗಿನ ಮೆಟ್ಟಿಲಲ್ಲಿ ದುಡ್ಡು ನಿಜಕ್ಕೂ ಇಲ್ಲ. ಅವಳು ಕನಸು ಕಾಣುತ್ತಿದ್ದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಮಹಿಳೆಯರಿಗೆ ನಡೆಸುವ ಡಬ್ಲ್ಯೂ15 ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವರಿಗೆ ಅದರಲ್ಲಿ ಸಿಗೋದು ಎರಡು ಸಾವಿರ ಚಿಲ್ಲರೆ ಡಾಲರ್. ಮುಖ್ಯ ಸುತ್ತಿಗೆ ಬಂದು ಮೊದಲ ಮ್ಯಾಚಲ್ಲೇ ಸೋತರೆ ಸಿಗುವ ದುಡ್ಡು ವಾರದ ರೂಮು, ಊಟ, ಓಡಾಟಕ್ಕೂ ಸಾಲೋದಿಲ್ಲ. ಅದಕ್ಕೂ ಮುಂಚಿನ ಅರ್ಹತಾ ಸುತ್ತಲ್ಲಿ (ಕ್ವಾಲಿಫೈಯಿಂಗ್) ಸೋತರೆ ಅದೂ ಇಲ್ಲ. ಹಾಗಾಗಿ "ದುಡ್ಡಿನ ಬಗ್ಗೆ ಯೋಚಿಸಬೇಡ, ಆಟದ ಕಡೆ ಗಮನ ಕೊಡು" ಅಂತ ನಾನು ಹೇಳಲಿಲ್ಲ. ಯೋಚಿಸಲೇಬೇಕು. ಆದರೆ ಎಲ್ಲಿ ಯೋಚಿಸಬೇಕು, ಯಾರ ಜೊತೆ ಅನ್ನೋದು ಪ್ರಶ್ನೆ.

ಅದಕ್ಕೇ ಸರ್ವ್ ವಿಷಯ ಪಕ್ಕಕ್ಕಿಟ್ಟು, ಅಮ್ಮನನ್ನು ಕರೆಸೋಣ ಅಂದೆ. ಬೇಡ ಅಂತ ತುಂಬಾ ಹಟ ಮಾಡಿದಳು. ಕೊನೆಗೆ ಒಪ್ಪಿದಳು. ಅಮ್ಮ ಬಂದು ಕೂತು, ಸರದ ಮಾತು ಬಂದ ಕೂಡಲೇ ಅಂದಿದ್ದು: "ನಾ ಅಕಿಗೆ ಹೇಳಿದ್ದಿಲ್ರಿ. ಆಟದ ಕಡೆ ಲಕ್ಷ್ಯ ಇರ್ಲಿ ಅಂತ." ಮಗಳು ನಾಲ್ಕು ಕಡೆ ದುಡಿಯುತ್ತಿರೋದು ಗೊತ್ತಾದಾಗ ಅವರಿಗೆ ಬಂದದ್ದು ಸಿಟ್ಟು. "ನಾ ಸರ ಇಟ್ಟದ್ದು ನೀ ಮಂದಿ ಮಕ್ಕಳಿಗೆ ಚೆಂಡು ಹೆಕ್ಕಿ ಕೊಡ್ಲಿ ಅಂತೇನು?" ಅಂದರು. ಸಹನಾ ಅತ್ತಳು. ಇಬ್ಬರೂ ಒಬ್ಬರಿಗೊಬ್ಬರು ಭಾರ ಆಗಬಾರದು ಅಂತ ಮುಚ್ಚಿಟ್ಟು, ಇಬ್ಬರೂ ಪೂರ್ತಿ ಭಾರವನ್ನು ಒಂಟಿಯಾಗಿ ಹೊತ್ತಿದ್ದರು. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ ಅಲ್ವಾ.

ಆಮೇಲೆ ಮಾಡಿದ ಕೆಲಸ ತೀರಾ ಸಾದಾ. ಒಂದು ನೋಟ್‌ಬುಕ್ಕಿನಲ್ಲಿ ಅಡವಿಟ್ಟ ಸಾಲ, ಬಡ್ಡಿ, ಅಪ್ಪನ ಅಂಗಡಿಯಿಂದ ತಿಂಗಳಿಗೆ ಕೊಡಬಹುದಾದ ದುಡ್ಡು, ಸಹನಾ ದುಡಿಮೆ ಎಲ್ಲ ಬರೆದೆವು. ಮುಂದಿನ ಮೂರು ತಿಂಗಳಿಗೆ ಟೂರ್ನಿಗೆ ಅಂತ ಒಂದು ಮೊತ್ತ ಮೂವರೂ ಕೂತು ಗೊತ್ತು ಮಾಡಿದೆವು. ನಾನು ಹೇಳಿದ ಷರತ್ತು ಒಂದೇ. ಬಸ್ಸು ಹತ್ತಿದ ದಿನವೇ ಆ ಟೂರ್ನಿಯ ದುಡ್ಡು ಖರ್ಚಾಗಿ ಹೋಯಿತು ಅಂತ ಬರೆದು ಗೆರೆ ಎಳೆಯಬೇಕು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಆಮೇಲೆ ಯಾವ ಪಾಯಿಂಟೂ ಅದನ್ನು ವಾಪಸ್ ತರೋದಿಲ್ಲ, ಕಳೆಯೋದೂ ಇಲ್ಲ. ಲೆಕ್ಕ ನೋಡೋದು ಭಾನುವಾರ ಸಂಜೆ, ಅಮ್ಮನ ಜೊತೆ ಫೋನಲ್ಲಿ ಮಾತ್ರ.

ಕೆಲಸ ಬಿಡು ಅಂತ ಹೇಳಲಿಲ್ಲ. ಅಮ್ಮನಿಗೆ ಆ ಆಸೆ ಇತ್ತು. ಆದರೆ ದುಡಿಮೆ ನಿಂತರೆ ಚಿಂತೆ ಇನ್ನೂ ಜಾಸ್ತಿ ಆಗುತ್ತಿತ್ತು. ಬದಲಿಗೆ ವಾರಗಳನ್ನು ಬೇರೆ ಮಾಡಿದೆವು. ಟೂರ್ನಿ ವಾರದಲ್ಲಿ ಶಿಬಿರ ಇಲ್ಲ, ಆ ವಾರ ಇನ್ನೊಬ್ಬ ಸೀನಿಯರ್ ಹುಡುಗಿ ನೋಡಿಕೊಳ್ಳುತ್ತಾಳೆ. ಶಿಬಿರದ ವಾರದಲ್ಲಿ ಸಂಜೆಯ ಬ್ಯಾಚ್ ಬಿಟ್ಟು ಆ ಹೊತ್ತು ಸ್ವಂತ ಪ್ರಾಕ್ಟೀಸ್. ಭುಜದ ನೋವಿಗೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಲೇಬೇಕು ಅಂದೆ. ನೋವಿದ್ದಾಗ ಕೈ ಹಿಂಜರಿಯೋದು ಮನಸ್ಸಿನ ದೋಷ ಅಲ್ಲ. ಅದನ್ನು ಆಪ್ತಸಲಹೆಯಿಂದ ಗುಣಮಾಡೋಕೆ ಹೊರಟರೆ ಕೈ ಹಾಳಾಗುತ್ತೆ ಅಷ್ಟೇ.

ಇನ್ನು ಸರ್ವ್. ಒಂದು ಪಾಯಿಂಟ್ ಮುಗಿದು ಮುಂದಿನದು ಶುರುವಾಗುವ ತನಕ ನಿಯಮದ ಪ್ರಕಾರ 25 ಸೆಕೆಂಡ್ ಇರುತ್ತದೆ. ಸಹನಾ ಅದರಲ್ಲಿ ಹತ್ತನ್ನೂ ಬಳಸುತ್ತಿರಲಿಲ್ಲ. ಬೇಗ ಮುಗಿದುಹೋಗಲಿ ಅಂತ ಓಡಿಬಂದು ಗೆರೆಯ ಮೇಲೆ ನಿಂತು, ಅಲ್ಲಿ ಲೆಕ್ಕಕ್ಕೆ ಜಾಗ ಕೊಡುತ್ತಿದ್ದಳು. ಬರಬೇಡ ಅಂದರೆ ಯಾವ ಯೋಚನೆಯೂ ಹೋಗೋದಿಲ್ಲ. ಅದರ ಜಾಗದಲ್ಲಿ ಬೇರೆ ಸಣ್ಣ ಕೆಲಸ ಕೂರಿಸಬೇಕು. ಹಾಗಾಗಿ ಹೀಗೆ ಮಾಡಿದೆವು. ಪಾಯಿಂಟ್ ಮುಗಿದ ಕೂಡಲೇ ನೆಟ್ಟಿಗೆ ಬೆನ್ನು ಹಾಕಿ ಹಿಂದಿನ ಬೇಲಿ ಕಡೆ ನಡೆಯೋದು. ಬೆರಳಿನಿಂದ ರಾಕೆಟ್ಟಿನ ಸ್ಟ್ರಿಂಗ್ ಒಂದೊಂದೇ ನೇರ ಮಾಡುತ್ತಾ ಉಸಿರು ನಿಧಾನವಾಗಿ ಹೊರಗೆ ಬಿಡೋದು. ಸ್ಟ್ರಿಂಗ್ ಅವಳಿಗೆ ಗೊತ್ತಿರೋ ವಸ್ತು, ದಿನಾ ಮಧ್ಯಾಹ್ನ ಅದರಲ್ಲೇ ಕೈ ಇರುತ್ತಿತ್ತಲ್ಲ. ತಿರುಗುವ ಮುಂಚೆ ಎಲ್ಲಿಗೆ ಸರ್ವ್ ಅಂತ ತೀರ್ಮಾನ ಮಾಡಿ ಬಾಯಲ್ಲಿ ಮೆಲ್ಲಗೆ ಹೇಳೋದು: "ವೈಡ್" (ಎದುರಾಳಿಯಿಂದ ದೂರ, ಪಕ್ಕಕ್ಕೆ), ಇಲ್ಲ "ಬಾಡಿ" (ನೇರ ಎದುರಾಳಿಯ ಮೈ ಕಡೆಗೆ). ಆಮೇಲೇ ಗೆರೆಗೆ ಬಂದು ಚೆಂಡು ತಟ್ಟೋದು. ಮಧ್ಯೆ ಹದಿನಾರು ಸಾವಿರ ಬಂದರೆ ಬೈದುಕೊಳ್ಳೋದು ಬೇಡ, "ಭಾನುವಾರ" ಅಂತ ಒಂದು ಮಾತು ಹೇಳಿ ಮತ್ತೆ ಸ್ಟ್ರಿಂಗ್‌ಗೆ ಬೆರಳು. ಇದನ್ನು ಮೊದಲು ಮ್ಯಾಚಲ್ಲಿ ಅಲ್ಲ, ಪ್ರಾಕ್ಟೀಸಲ್ಲಿ, ಯಾರೂ ನೋಡದಿದ್ದಾಗಲೂ ಮಾಡಬೇಕು ಅಂದೆ.

ಅಮ್ಮ ಹೊರಡುವಾಗ ರೋಹನ್ ಬೋಪಣ್ಣ ಹೆಸರು ತೆಗೆದರು. ಕೊಡಗಿನ ಅವರು 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ, ಮಗಳಿಗೆ ಇನ್ನೂ ಎಷ್ಟು ಟೈಮ್ ಇದೆ ನೋಡಿ ಅಂತ. ಟೈಮ್ ಇದೆ, ನಿಜ. ಆದರೆ ಆ ಮಾತನ್ನು ಅವಳ ಮುಂದೆ ಜಾಸ್ತಿ ಆಡಬೇಡಿ ಅಂದೆ. ಸಮಾಧಾನಕ್ಕೆ ಹೇಳಿದ್ದು ಅವಳಿಗೆ ಇನ್ನೂ 23 ವರ್ಷದ ಸಾಲದ ಹಾಗೆ ಕೇಳಿಸುತ್ತೆ. ಬದಲಿಗೆ ಹತ್ತಿರದ ಒಂದು ವಿಷಯ ನೆನಪಿಸಿದೆ. ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ವಿವಿ ತಂಡಕ್ಕೆ ಆಡಿದವರನ್ನು ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೌಕರಿಗೆ ಪರಿಗಣಿಸುತ್ತಾರೆ. ಈ ವರ್ಷ ತಂಡದ ಆಯ್ಕೆ ತಪ್ಪಿಸಿಕೊಂಡು ಯಾವುದೋ ದೂರದ ಟೂರ್ನಿಗೆ ಹೋಗೋದು ಬೇಡ ಅಂತ ಇಬ್ಬರೂ ಒಪ್ಪಿದರು.

ಜುಲೈಯಲ್ಲಿ ಸಹನಾ ಮತ್ತೆ ಬಂದಳು. ಒಂದು ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋಗಿದ್ದಳು, ಇನ್ನೊಂದರಲ್ಲಿ ಮೊದಲ ಸುತ್ತಲ್ಲೇ ಸೋತಿದ್ದಳು. ಡಬಲ್ ಫಾಲ್ಟ್ ಈಗಲೂ ಆಗುತ್ತೆ, ಆದರೆ ಚೆಂಡು ನೆಟ್ಟಿಗೆ ಹೋಗೋದು ಕಡಿಮೆ ಆಗಿ ಗೆರೆ ದಾಟಿ ಉದ್ದ ಬೀಳುತ್ತಿದೆ ಅಂದಳು. ಕೈ ಪೂರ್ತಿ ಬೀಸುತ್ತಿದ್ದಾಳೆ ಅಂತ ಅರ್ಥ, ನನಗೆ ಅದು ಒಳ್ಳೆ ಸುದ್ದಿ. ಸರ ಇನ್ನೂ ಬಿಡಿಸಿಲ್ಲ, ಬಡ್ಡಿ ಮಾತ್ರ ಬಾಕಿ ಉಳಿದಿಲ್ಲ. ಅಪಾರ್ಟ್‌ಮೆಂಟ್ ಶಿಬಿರ ನೋಡಿದ ಒಂದು ಅಕಾಡೆಮಿ ಅವಳನ್ನು ವರ್ಷಪೂರ್ತಿ ಸಹಾಯಕ ಕೋಚ್ ಆಗು ಅಂತ ಕರೆದಿತ್ತು. ಸೇರಿದರೆ ಆಟ ಬಿಟ್ಟಂತೆ ಆಗುತ್ತಾ ಅಂತ ಕೇಳಿದಳು. ಅದು ಅವರು ಕೊಡುವ ರಜೆಯ ಮೇಲೆ ಇದೆ ಅಂದೆ. ಟೂರ್ನಿ ವಾರಗಳಿಗೆ ರಜೆ, ಬೆಳಗಿನ ಎರಡು ಗಂಟೆ ಅವಳದೇ ಕೋರ್ಟ್, ಐಟಿಎಫ್ ಕೋಚಿಂಗ್ ಕೋರ್ಸಿಗೆ ಹೋಗೋಕೆ ಅನುಮತಿ, ಈ ಮೂರನ್ನೂ ಕಾಗದದಲ್ಲಿ ಬರೆಸಿಕೊಂಡು ಬಾ, ಆಮೇಲೆ ಸಂಬಳದ ಮಾತು ಆಡೋಣ ಅಂತ ಹೇಳಿ ಕಳಿಸಿದ್ದೇನೆ.