ಗಾಡಿ ಪ್ರಶ್ನೋತ್ತರ: ಹಳೇ ಆರ್‌ಎಕ್ಸ್ 100ರ ಬ್ಲಾಕ್ ಮನೆಯಲ್ಲೇ ಬಿಚ್ಚೂದಾದ್ರೆ

ಪ್ರಶ್ನೆ: ನಮಸ್ಕಾರ ಸರ್. ಅಪ್ಪನ 1993ರ ಯಮಹಾ ಆರ್‌ಎಕ್ಸ್ 100 ಉಂಟು, ಕೆಎಲ್ 14 ನಂಬರ್, ತುಂಬಾ ವರ್ಷ ಅಡಿಕೆ ಶೆಡ್ಡಲ್ಲಿ ನಿಂತಿತ್ತು. ಕಾರ್ಬೊರೇಟರ್ ಕ್ಲೀನ್ ಮಾಡಿದ್ಮೇಲೆ ಸ್ಟಾರ್ಟೇನೋ ಆಗ್ತದೆ, ಆದ್ರೆ ಬೆಳ್ಳಗೆ ಹೊಗೆ, ಬದಿಯಡ್ಕ ಕಡೆಗೆ ಹೋಗುವಾಗ ಏರಲ್ಲಿ ಎಳೆಯೂದೇ ಇಲ್ಲ, ಬಿಸಿ ಆದ್ಮೇಲೆ ಕಿಕ್ಕರ್ ಹಗುರ. ಬ್ಲಾಕ್ (ಪಿಸ್ಟನ್ ಓಡುವ ಸಿಲಿಂಡರ್), ಪಿಸ್ಟನ್ ಎಲ್ಲ ಹೊಸತು ಹಾಕ್ಬೇಕು ಅಂತ ಮೆಕ್ಯಾನಿಕ್ ಹೇಳ್ತಾರೆ. ನಾನೇ ಬಿಚ್ಚಿ ಕ್ಲೀನ್ ಮಾಡಿ ರಿಂಗ್ ಹಾಕಿದ್ರೆ ಸಾಕಾ?
– ಓದುಗ, ಪೆರ್ಲ

ಉತ್ತರ: ಬಿಚ್ಚೂದು ನಿಮ್ಮಿಂದ ಖಂಡಿತ ಆಗ್ತದೆ, ಟೂ ಸ್ಟ್ರೋಕಿನ ಹೆಡ್ಡಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಹೆಡ್ಡಿನ ನಾಲ್ಕು ನಟ್ ತೆಗೆದ್ರೆ ಬ್ಲಾಕ್ ಮೇಲೆ ಬರ್ತದೆ. ಆದ್ರೆ ರಿಂಗ್ ಸಾಕಾ, ಬೋರ್ ಮಾಡಿಸ್ಬೇಕಾ (ಬ್ಲಾಕಿನ ಒಳಗಿನ ತೂತನ್ನು ಕೊರೆದು ದೊಡ್ಡ ಮಾಡೂದು) ಅಂತ ಬಿಚ್ಚಿ ಅಳತೆ ನೋಡದೆ ನಾನೂ ಹೇಳ್ಲಿಕ್ಕಾಗೂದಿಲ್ಲ, ನಿಮ್ಮ ಮೆಕ್ಯಾನಿಕ್ಕೂ ಹೇಳ್ಬಾರ್ದು. ಅಳತೆ ಆಗುವ ವರೆಗೆ ಒಂದು ರೂಪಾಯಿಯ ಸ್ಪೇರೂ ತಗೊಳ್ಬೇಡಿ.

ಮೊದ್ಲು ಹೊಗೆ ವಿಷಯ. ಹೊಗೆ ಅಂದ ಕೂಡ್ಲೆ ರಿಂಗ್ ಅಂತ ತಿಳ್ಕೊಳ್ಬೇಡಿ. ತುಂಬ ದಿನ ನಿಂತ ಗಾಡಿಯಲ್ಲಿ 2ಟಿ ಆಯಿಲ್ (ಪೆಟ್ರೋಲ್ ಜೊತೆ ಉರಿಯುವ ಟೂ ಸ್ಟ್ರೋಕ್ ಆಯಿಲ್) ಪಂಪಿನಿಂದ ಸ್ವಲ್ಪ ಸ್ವಲ್ಪ ಜಿನುಗಿ ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್ ಕೇಸಲ್ಲಿ ನಿಂತಿರ್ತದೆ, ಅದು ಒಂದೆರಡು ಸಲ ಓಡಿಸಿದಾಗ ಸುಟ್ಟು ಹೋಗ್ತದೆ. ಹೋಗ್ಲಿಲ್ಲ ಅಂದ್ರೆ ಗೇರ್ ಆಯಿಲ್ ಲೆವೆಲ್ ನೋಡಿ, ನಾಲ್ಕು ದಿನ ಓಡಿಸಿ ಪುನಃ ನೋಡಿ. ಕಮ್ಮಿ ಆಗ್ತಾ ಇದ್ರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಇಂಜಿನ್ ಗೇರ್ ಆಯಿಲನ್ನೇ ಎಳ್ದು ಸುಡ್ತಾ ಉಂಟು, ಆಗ ಮೇಲೆ ಎಷ್ಟು ಹೊಸ ಪಿಸ್ಟನ್ ಹಾಕಿದ್ರೂ ಹೊಗೆ ನಿಲ್ಲೂದಿಲ್ಲ. ಮ್ಯಾಗ್ನೆಟ್ ಕಡೆಯ ಸೀಲ್ ಗಟ್ಟಿಯಾಗಿದ್ರೆ ಅಲ್ಲಿಂದ ಗಾಳಿ ಎಳೀತದೆ, ಮಿಕ್ಸ್ಚರ್ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಹೊಸ ಪಿಸ್ಟನ್ನೇ ಸೀಜ್ ಆಗ್ತದೆ, ಅಂದ್ರೆ ಬಿಸಿಗೆ ಬ್ಲಾಕಲ್ಲೇ ಹಿಡ್ಕೊಳ್ತದೆ. ಇಷ್ಟು ವರ್ಷ ನಿಂತ ಗಾಡಿಗೆ ಎರಡೂ ಸೀಲ್ ಬದಲಿಸೂದು ಒಳ್ಳೇದು.

ಕಿಕ್ಕರ್ ಹಗುರ ಆಗೂದು ಮಾತ್ರ ಕಂಪ್ರೆಶನ್ ಹೋದ ಲಕ್ಷಣವೇ, ಹಾಗಾಗಿ ಬಿಚ್ಚಿ. ಇಂಜಿನ್ ಪೂರಾ ತಣ್ಣಗಿರ್ಬೇಕು. ಸೈಲೆನ್ಸರ್ ನಟ್‌ಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿಡಿ, ನಮ್ಮ ಮಳೆಗೆ ಅವು ತುಕ್ಕು ಹಿಡ್ದು ಸ್ಟಡ್ ಸಮೇತ ತುಂಡಾಗೂದುಂಟು. ಹೆಡ್ ನಟ್ ಒಂದೇ ಸಲಕ್ಕೆ ಬಿಚ್ಚದೆ ಎದುರು ಬದುರು ಸ್ವಲ್ಪ ಸ್ವಲ್ಪ ಸಡಿಲಿಸಿ. ಬ್ಲಾಕ್ ಅಂಟಿಕೊಂಡಿದ್ರೆ ಮರದ ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ, ಹೊರಗಿನ ತೆಳು ಪಟ್ಟಿಗಳಿಗೆ, ಅಂದ್ರೆ ಫಿನ್ನಿಗೆ ಹೊಡೀಬೇಡಿ, ಅದು ತುಂಡಾಗ್ತದೆ. ಬ್ಲಾಕ್ ಎತ್ತಿದ ಕೂಡ್ಲೆ ಕೆಳಗಿನ ಬಾಯಿಗೆ ಶುದ್ಧ ಬಟ್ಟೆ ತುರುಕಿ, ಆಮೇಲೆ ಪಿಸ್ಟನ್ ಪಿನ್ ಜಾರದ ಹಾಗೆ ಹಿಡಿಯುವ ಸರ್ಕ್ಲಿಪ್ ತೆಗೀರಿ, ಯಾಕಂದ್ರೆ ಸರ್ಕ್ಲಿಪ್ ಒಳಗೆ ಬಿದ್ರೆ ಇಡೀ ಇಂಜಿನ್ ಬಿಚ್ಚುವ ಕೆಲಸ. ಹಳೇ ಸರ್ಕ್ಲಿಪ್ ಪುನಃ ಹಾಕ್ಲೇಬಾರ್ದು.

ಈಗ ಕನೆಕ್ಟಿಂಗ್ ರಾಡನ್ನು ಪೂರ್ತಿ ಮೇಲೆ ತಂದು ಹಿಡ್ದು ನೇರ ಮೇಲೆ ಕೆಳಗೆ ಎಳ್ದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡೂದು ಸಹಜ, ಮೇಲೆ ಕೆಳಗೆ ಆಟ ಇರ್ಲೇಬಾರ್ದು. ಇದ್ರೆ ಅಲ್ಲಿಗೇ ನಿಲ್ಲಿಸಿ, ಮೊದ್ಲು ಕ್ರ್ಯಾಂಕಿನ ಕೆಲಸ ಆಗ್ಬೇಕು.

ಆಯಿಲ್ ಸುಟ್ಟು ಅಂಟಿದ ಕರಿ ತೆಗೀಲಿಕ್ಕೆ ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ನೂ ಹೆಡ್ಡೂ ಅಲ್ಯುಮಿನಿಯಂ, ಗೀರು ಬಿದ್ರೆ ಅದರಲ್ಲೇ ಪುನಃ ಕರಿ ಕೂರ್ತದೆ. ನಮ್ಮ ಕಡೆ ಅಡಿಕೆ ಮರದ ಸಲಕೆಗೆ ಬರ ಇಲ್ಲ, ಒಣಗಿದ ಸಲಕೆಯ ತುದಿಯನ್ನು ಉಳಿಯ ಹಾಗೆ ಚಪ್ಪಟೆ ಕೆತ್ತಿ, ಡೀಸೆಲಲ್ಲಿ ನೆನೆಸಿಟ್ಟ ಕರಿಯನ್ನು ಅದ್ರಲ್ಲಿ ಕೆರೆದ್ರೆ ಪದರ ಪದರವಾಗಿ ಏಳ್ತದೆ. ಎಕ್ಸಾಸ್ಟ್ ಪೋರ್ಟಲ್ಲಿ (ಬ್ಲಾಕಿಂದ ಹೊಗೆ ಹೊರಗೆ ಹೋಗುವ ಕಿಂಡಿ) ಜಾಸ್ತಿ ಇರ್ತದೆ, ಏರಲ್ಲಿ ಎಳೆಯದಿರ್ಲಿಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿದ್ರೂ ಸಿಕ್ಕೀತು. ಪಿಸ್ಟನ್ ಸುತ್ತ ರಿಂಗ್ ಕೂರುವ ಗ್ರೂವನ್ನು ಹಳೇ ರಿಂಗಿನ ತುಂಡಲ್ಲಿ ಕ್ಲೀನ್ ಮಾಡಿ.

ಇನ್ನು ಅಳತೆ. ಈ ಗಾಡಿಯ ಸ್ಟಾಂಡರ್ಡ್ ಬೋರ್ 50 ಎಂಎಂ, ಸ್ಟ್ರೋಕೂ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 50, ಅದಕ್ಕೇ 98 ಸಿಸಿ. ಲೇತಿನವರತ್ರ ಬೋರ್ ಗೇಜ್ ಇರ್ತದೆ, ಆದ್ರೆ ಮನೆಯಲ್ಲೇ ಸುಮಾರಾಗಿ ಗೊತ್ತಾಗುವ ದಾರಿ ಒಂದುಂಟು, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳ ಕಟ್ಟು) ಒಂದಿದ್ರೆ ಸಾಕು. ಒಂದು ರಿಂಗನ್ನು ಬೋರಿನ ತೀರ ಕೆಳಗೆ, ಪೋರ್ಟಿಗಿಂತಲೂ ಕೆಳಗೆ, ಪಿಸ್ಟನ್ ತಲೆಯಿಂದ ದೂಡಿ ಸಮ ಕೂರಿಸಿ, ರಿಂಗಿನ ಬಾಯಿಯ ಸಂದು ಎಷ್ಟುಂಟು ಅಂತ ಗೇಜ್ ತೂರಿಸಿ ನೋಡಿ. ಅದೇ ರಿಂಗನ್ನು ಮೇಲ್ಗಡೆ, ಪಿಸ್ಟನ್ ಮೇಲೆ ಬಂದಾಗ ರಿಂಗ್ ನಿಲ್ಲುವ ಜಾಗದಲ್ಲಿ ಇಟ್ಟು ಪುನಃ ನೋಡಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದ್ರೆ ಮೇಲ್ಗಡೆ ಬೋರ್ ಎಷ್ಟು ಅಗಲ ಆಗಿದೆ ಅಂತ ಸಿಗ್ತದೆ. ಕೆಳಗೆ 0.30, ಮೇಲೆ 0.62 ಬಂತು ಅಂತಿಟ್ಕೊಳ್ಳಿ, ವ್ಯತ್ಯಾಸ 0.32, ಅಂದ್ರೆ ಬೋರ್ ಸುಮಾರು 0.1 ಎಂಎಂ ತಿಂದು ಹೋಗಿದೆ, ಅದಕ್ಕೆ ಬರೀ ರಿಂಗ್ ಹಾಕೂದು ದುಡ್ಡು ದಂಡ. ವ್ಯತ್ಯಾಸ ತೀರ ಕಮ್ಮಿ ಇದ್ದು, ಬೋರಲ್ಲಿ ಉಗುರಿಗೆ ತಾಗುವ ಗೀರು ಇಲ್ಲ, ಪಿಸ್ಟನ್ನೂ ಚೆನ್ನಾಗುಂಟು ಅಂದ್ರೆ ಹೊಸ ರಿಂಗ್, ಹೊಸ ಪ್ಯಾಕಿಂಗ್ ಹಾಕಿ ಓಡಿಸಬಹುದು. ಹೊಸ ರಿಂಗಿನ ಸಂದು 0.2ರಿಂದ 0.3ರ ಆಸುಪಾಸು ಇರ್ಲಿ.

ಬೋರ್ ಮಾಡ್ಸೂದೇ ಆದ್ರೆ ಮೊದ್ಲು ಪಿಸ್ಟನ್ ತಗೊಳ್ಳಿ, ಓವರ್‌ಸೈಜ್ 0.25, 0.50 ಹೀಗೆ ಬರ್ತದೆ, ಬ್ಲಾಕ್ ಜೊತೆ ಅದನ್ನೂ ಲೇತಿಗೆ ಕೊಟ್ಟು ಅದೇ ಪಿಸ್ಟನ್ ಅಳೆದು ಬೋರ್ ಮಾಡ್ಲಿಕ್ಕೆ ಹೇಳಿ, ಪಿಸ್ಟನ್ನಿಗೂ ಬೋರಿಗೂ ನಡುವಿನ ಕ್ಲಿಯರೆನ್ಸ್ ಸುಮಾರು 0.04 ಎಂಎಂ. ಕಾಸರಗೋಡಲ್ಲಿ ಮನಸ್ಸಿಗೆ ಬರುವ ಲೇತ್ ಸಿಗದಿದ್ರೆ ಮಂಗಳೂರಿಗೆ ಹೋಗಿ, ಬರೀ 50 ಕಿಲೋಮೀಟರ್, ಈ ಒಂದು ಕೆಲಸಕ್ಕೆ ಅಷ್ಟು ದೂರ ಹೋದ್ರೂ ನಷ್ಟ ಇಲ್ಲ. ಬೋರ್ ಆದ್ಮೇಲೆ ಪೋರ್ಟುಗಳ ಅಂಚಿನ ಹರಿತ ತೆಗ್ದಿದ್ದಾರಾ ಅಂತ ಬೆರಳು ಹಾಕಿ ನೋಡಿಯೇ ಬ್ಲಾಕ್ ತಗೊಳ್ಳಿ, ಹರಿತ ಬಿಟ್ರೆ ರಿಂಗ್ ಸಿಕ್ಕಿಹಾಕಿಕೊಳ್ತದೆ. ಮನೆಗೆ ತಂದು ಸಾಬೂನು ನೀರಲ್ಲಿ ಉಜ್ಜಿ ತೊಳೀರಿ, ಬಿಳಿ ಬಟ್ಟೆಯಲ್ಲಿ ಒರೆಸಿದ್ರೆ ಕಪ್ಪು ಬರ್ಬಾರ್ದು, ಒಣಗಿಸಿ ಕೂಡ್ಲೆ ಆಯಿಲ್ ಹಚ್ಚಿ.

ಕೂರಿಸುವಾಗ ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಬಾಯಿ ಗ್ರೂವಿನೊಳಗಿನ ಸಣ್ಣ ಪಿನ್ನಿನ ಮೇಲೆಯೇ ಕೂರ್ಬೇಕು, ಬ್ಲಾಕನ್ನು ತಿರುಗಿಸದೆ ನೇರ ಇಳಿಸಿ, ತಡೆದ್ರೆ ಒತ್ತಬೇಡಿ, ಎತ್ತಿ ಪುನಃ ನೋಡಿ.

ಪ್ರಶ್ನೆ: ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ರೆ ಆರ್‌ಸಿಗೆ ತೊಂದರೆ ಉಂಟಾ?
– ಓದುಗ, ಕುಂಬಳೆ

ಉತ್ತರ: ಇಲ್ಲ. ಇಂಜಿನ್ ನಂಬರ್ ಇರೂದು ಕೆಳಗಿನ ಕ್ರ್ಯಾಂಕ್ ಕೇಸಲ್ಲಿ, ನೀವು ಕೆಲಸ ಮಾಡೂದು ಮೇಲೆ. ಇಂಜಿನ್ನೇ ಬೇರೆ ಹಾಕಿದ್ರೆ ಮಾತ್ರ ಆರ್‌ಟಿಓ ಆಫೀಸಿಗೆ ಹೋಗ್ಬೇಕು.

ಪ್ರಶ್ನೆ: ನನ್ನ ಆರ್‌ಎಕ್ಸ್‌ಗೆ ಹೊಸ ಪಿಸ್ಟನ್ ಹಾಕಿ ವಾರ ಆಗ್ಲಿಲ್ಲ, ಸೀಜ್ ಆಯ್ತು. ಆಯಿಲ್ ಟ್ಯಾಂಕ್ ಫುಲ್ ಇತ್ತು. ಎಂತ ಕಾರಣ?
– ಓದುಗಿ, ಉಪ್ಪಳ

ಉತ್ತರ: ಟ್ಯಾಂಕಲ್ಲಿ ಆಯಿಲ್ ಇದ್ರೂ ಪಂಪಿನ ಪೈಪಲ್ಲಿ ಗಾಳಿ ಸಿಕ್ಕಿದ್ರೆ ಇಂಜಿನ್ನಿಗೆ ಒಂದು ಹನಿಯೂ ಹೋಗೂದಿಲ್ಲ ಅಕ್ಕಾ. ಟ್ಯಾಂಕ್ ಒಮ್ಮೆ ಖಾಲಿ ಆದ್ರೆ ಅಥವಾ ಪೈಪ್ ಬಿಚ್ಚಿದ್ರೆ ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದೆ ಆಯಿಲ್ ಬರುವ ವರೆಗೆ ಗಾಳಿ ತೆಗೀಬೇಕು, ಇದನ್ನು ತುಂಬಾ ಜನ ಮಾಡೂದೇ ಇಲ್ಲ. ಜೊತೆಗೆ ಹೊಸ ಪಿಸ್ಟನ್ನಿನ ಮೊದಲ ಟ್ಯಾಂಕಿಗೆ ಲೀಟರಿಗೆ 20 ಎಂಎಲ್ 2ಟಿ ಆಯಿಲ್ ಪೆಟ್ರೋಲಿಗೇ ಬೆರೆಸಿ. ಪ್ಲಗ್ ತೆಗೆದು ನೋಡಿ, ತುದಿ ಬೆಳ್ಳಗಿದ್ರೆ ಎಲ್ಲಿಂದಲೋ ಗಾಳಿ ಎಳೀತಾ ಉಂಟು, ಕಾರ್ಬೊರೇಟರಿಗೂ ಬ್ಲಾಕಿಗೂ ಮಧ್ಯದ ರಬ್ಬರ್, ಬ್ಲಾಕಿನ ಅಡಿಯ ಪ್ಯಾಕಿಂಗ್, ಮ್ಯಾಗ್ನೆಟ್ ಕಡೆಯ ಸೀಲ್ ಮೂರೂ ನೋಡ್ಬೇಕು. ಇದು ಸರಿ ಆಗದೆ ಇನ್ನೊಂದು ಪಿಸ್ಟನ್ ಹಾಕ್ಸಬೇಡಿ.

ಪ್ರಶ್ನೆ: ಕರಿ ತೆಗೀಲಿಕ್ಕೆ ಹೆಡ್ಡು, ಪಿಸ್ಟನ್ ಕಾಸ್ಟಿಕ್ ಸೋಡಾದಲ್ಲಿ ಹಾಕಿಡಬಹುದಾ?
– ಓದುಗ, ಮುಳ್ಳೇರಿಯ

ಉತ್ತರ: ಬೇಡವೇ ಬೇಡ. ಕಾಸ್ಟಿಕ್ ಅಲ್ಯುಮಿನಿಯಮನ್ನೇ ತಿಂತದೆ, ನೊರೆ ಎದ್ದು ಹೈಡ್ರೋಜನ್ ಗ್ಯಾಸ್ ಬರ್ತದೆ, ಅದಕ್ಕೆ ಬೆಂಕಿ ತಾಗಿದ್ರೆ ಕಷ್ಟ. ಕಾಸ್ಟಿಕ್ ಸೈಲೆನ್ಸರ್ ಒಳಗಿನ, ಶಬ್ದ ತಗ್ಗಿಸುವ ಬ್ಯಾಫಲ್‌ಗೆ ಮಾತ್ರ ಆಗ್ತದೆ, ಬ್ಯಾಫಲ್ ಕಬ್ಬಿಣದ್ದು, ಹಿಂದಿನ ಸ್ಕ್ರೂ ತೆಗೆದ್ರೆ ಹೊರಗೆ ಬರ್ತದೆ. ರಬ್ಬರ್ ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ, ನೀರಿಗೆ ಸೋಡಾ ಸ್ವಲ್ಪ ಸ್ವಲ್ಪ ಹಾಕಿ, ಸೋಡಾಕ್ಕೆ ನೀರು ಹೊಯ್ಯಬೇಡಿ, ಪಾತ್ರೆ ಕೂಡ ಅಲ್ಯುಮಿನಿಯಂದು ಆಗ್ಬಾರ್ದು. ತೊಳೆದ ನೀರನ್ನು ತೋಟದ ಬುಡಕ್ಕೋ ಬಾವಿ ಹತ್ರವೋ ಬಿಡ್ಬೇಡಿ.